ಗೆಜ್ಜೆ ಕಟ್ಟುವ ಮೊದಲು: ಕುಂಬಳೆ ಸೀಮೆಯ ಆಟಗಳಲ್ಲಿ ಮೈ ಹದಗೊಳಿಸುವ ಕ್ರಮ

ಕಾಸರಗೋಡಿನ ಕನ್ನಡಿಗರಾದ ನಾವು ಯಕ್ಷಗಾನದ ಕುರಿತು ಮಾತನಾಡುವುದರಲ್ಲಿ ಎಂದೂ ಹಿಂದುಳಿದವರಲ್ಲ. ಪಾರ್ತಿಸುಬ್ಬನ ಕಾಲ ಯಾವುದು, ಸಭಾಲಕ್ಷಣವನ್ನು ರಚಿಸಿದವರಾರು, ಕಥಕಳಿಗೂ ತೆಂಕುತಿಟ್ಟಿಗೂ ನಡುವಣ ಕೊಡುಕೊಳ್ಳುವಿಕೆ ಎಷ್ಟರಮಟ್ಟಿನದು ಎಂಬ ಪ್ರಶ್ನೆಗಳನ್ನು ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟ, ಶಿವರಾಮ ಕಾರಂತರಂತಹ ಹಿರಿಯರು ದೀರ್ಘವಾಗಿ ಚರ್ಚಿಸಿದ್ದಾರೆ. ಪದ್ಯದ ಛಂದಸ್ಸು, ಅರ್ಥಗಾರಿಕೆಯ ಸೊಗಸು, ಬಣ್ಣಗಾರಿಕೆಯ ವೈವಿಧ್ಯ ಇವೆಲ್ಲವೂ ಲೇಖನಗಳಿಗೆ ವಸ್ತುವಾಗಿವೆ. ಇಷ್ಟಾದರೂ ಒಂದು ವಿಷಯ ಮಾತ್ರ ನಮ್ಮ ಬರಹಗಳಲ್ಲಿ ಅಪರೂಪ. ಚೌಕಿಯಲ್ಲಿ ಕುಳಿತಿದ್ದ ವೇಷಧಾರಿಯ ಮೈ ರಂಗದಲ್ಲಿ ಧೀಂಗಿಣ ಹಾಕುವ ಮೈಯಾಗಿ ಬದಲಾಗುವುದು ಹೇಗೆ? ಮಂಡಿ, ಹರಡು, ಸೊಂಟ, ಕತ್ತುಗಳು ಆ ಭಾರಕ್ಕೂ ಆ ವೇಗಕ್ಕೂ ಸಿದ್ಧವಾಗುವುದು ಯಾವಾಗ?

ಇಂದಿನ ನೃತ್ಯಶಾಲೆಗಳಲ್ಲಿ ಇದನ್ನು ‘ವಾರ್ಮ್ ಅಪ್’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ನಮ್ಮ ಬಯಲಾಟದಲ್ಲಿ ಇದಕ್ಕೆ ಪ್ರತ್ಯೇಕವಾದ ಹೆಸರು ಬೆಳೆದುಬಂದಿಲ್ಲ. ಹೆಸರಿಲ್ಲವೆಂದ ಮಾತ್ರಕ್ಕೆ ಕ್ರಮವೇ ಇರಲಿಲ್ಲವೆಂದು ತಿಳಿಯಲಾಗದು. ಇಡೀ ಇರುಳಿನ ಆಟದ ಕಟ್ಟಿನೊಳಗೆಯೇ ಆ ಕ್ರಮ ಬೆರೆತುಹೋಗಿತ್ತು ಎಂಬುದು ನಮ್ಮ ಅಭಿಪ್ರಾಯ. ಆಟದ ಕಾಲ ಕಿರಿದಾದಂತೆ ಅದು ಯಾರ ಗಮನಕ್ಕೂ ಬಾರದೆ ಕಳಚಿಬಿದ್ದಿತು. ಈ ಸಂಗತಿಯನ್ನು ಸಮ್ಮೇಳನದ ಸಂದರ್ಭದಲ್ಲಿ ಓದುಗರ ಮುಂದಿಡುವುದು ಈ ಪ್ರಬಂಧದ ಉದ್ದೇಶ.

ಶಾಸ್ತ್ರದ ನೆಲೆ

ಭರತಮುನಿಯ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಪೂರ್ವರಂಗವನ್ನು ವಿವರಿಸುತ್ತದೆ. ಪೂರ್ವರಂಗವೆಂದರೆ ದೇವತಾಸ್ತುತಿ ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಆದರೆ ಅದರ ಮೊದಲ ಒಂಬತ್ತು ಅಂಗಗಳು ತೆರೆಯ ಹಿಂದೆ ನಡೆಯತಕ್ಕವು. ಅವುಗಳಲ್ಲಿ ಹೆಚ್ಚಿನವು ಶುದ್ಧ ಸಿದ್ಧತೆಯ ಕೆಲಸಗಳೇ ಆಗಿವೆ. ಪ್ರತ್ಯಾಹಾರವೆಂದರೆ ವಾದ್ಯಗಳನ್ನು ಯಥಾಸ್ಥಾನದಲ್ಲಿರಿಸುವುದು. ಅವತರಣವೆಂದರೆ ಗಾಯಕರು ಕುಳಿತುಕೊಳ್ಳುವುದು. ಆರಂಭದಲ್ಲಿ ಕಂಠವನ್ನು ತೆರೆಯುತ್ತಾರೆ, ಆಶ್ರಾವಣೆಯಲ್ಲಿ ವಾದ್ಯಗಳನ್ನು ಹೊಂದಿಸಿಕೊಳ್ಳುತ್ತಾರೆ, ಪರಿಘಟ್ಟನೆಯಲ್ಲಿ ತಂತಿಗಳನ್ನು ಸರಿಪಡಿಸುತ್ತಾರೆ, ಸಂಘೋಟನೆಯಲ್ಲಿ ಕೈಯ ಪಾಟಗಳನ್ನು ರೂಢಿಸಿಕೊಳ್ಳುತ್ತಾರೆ. ತೆರೆ ಸರಿದ ಬಳಿಕ ನಾಂದಿಯೇ ಮೊದಲಾದುವು ಬರುತ್ತವೆ. ಅವುಗಳ ನಡುವೆ ಚಾರಿ, ಮಹಾಚಾರಿ ಎಂಬ ಕಾಲುಗತಿಗಳಿಗೂ ಸ್ಥಾನವಿದೆ. ಕಂಠ, ಕೈ, ಕಾಲು ಇವು ಒಂದೊಂದಾಗಿ ಎಚ್ಚರಗೊಂಡ ಮೇಲೆಯೇ ಕಥಾಪ್ರವೇಶ.

ಇದೇ ಗ್ರಂಥ ಚಾರಿಗಳನ್ನು ಹೇಳುವ ಅಧ್ಯಾಯದಲ್ಲಿ ವ್ಯಾಯಾಮದ ಮಾತನ್ನೂ ಎತ್ತುತ್ತದೆ. ಮೈಗೆ ಎಣ್ಣೆಯನ್ನಾಗಲಿ ಜವೆಯ ಗಂಜಿಯನ್ನಾಗಲಿ ಹಚ್ಚಿಕೊಂಡು ಅಭ್ಯಾಸ ಮಾಡಬೇಕು, ನೆಲವೇ ವ್ಯಾಯಾಮಕ್ಕೆ ತಾಯಿ ಎಂಬ ಅಭಿಪ್ರಾಯ ಅಲ್ಲಿದೆ. ಕುಣಿಯುವವನ ದೇಹವನ್ನು ಕಾಪಾಡಿಕೊಳ್ಳುವುದು ಕಲೆಯ ಹೊರಗಿನ ವಿಚಾರವೆಂದು ಆ ಪ್ರಾಚೀನರು ಭಾವಿಸಿರಲಿಲ್ಲ.

ನೆರೆಹೊರೆಯ ಕಲೆಗಳು

ನಮ್ಮ ಸೀಮೆಯ ದಕ್ಷಿಣಕ್ಕೆ ಕಥಕಳಿಯ ನಾಡಿದೆ. ಅಲ್ಲಿ ಮಳೆಗಾಲವೆಂದರೆ ಮೈ ತಿದ್ದುವ ಕಾಲ. ನಸುಕಿನಲ್ಲಿ ಎದ್ದು ಮೈಗೆಲ್ಲ ಎಣ್ಣೆ ಬಳಿದುಕೊಂಡು, ಕುಪ್ಪಳಿಕೆ ಮತ್ತು ಕಾಲ್ಸಾಧನೆಗಳಿಂದ ಬೆವರಿಳಿಸಿ, ಬಳಿಕ ಚಾಪೆಯ ಮೇಲೆ ಮಲಗಿದ ಶಿಷ್ಯನನ್ನು ಗುರು ತನ್ನ ಪಾದಗಳಿಂದ ತಿಕ್ಕಿ ಹದಗೊಳಿಸುವ ‘ಉಳಿಚ್ಚಿಲ್’ ಕ್ರಮ ಕಳರಿಯ ಗರಡಿಯಿಂದ ಕಥಕಳಿಗೆ ಬಂದುದು. ವಳ್ಳತ್ತೋಳ್ ನಾರಾಯಣ ಮೇನೋನರು 1930ರಲ್ಲಿ ಸ್ಥಾಪಿಸಿದ ಕೇರಳ ಕಲಾಮಂಡಲವೂ ಇದನ್ನು ಶಿಕ್ಷಣದ ಅಂಗವಾಗಿ ಉಳಿಸಿಕೊಂಡಿತು. ಆಟದ ದಿನದಂದು ಸಂಜೆ ಕೇಳಿಕೊಟ್ಟು, ಬಳಿಕ ತೆರೆಯ ಹಿಂದೆ ಎಳೆಯ ಕಲಾವಿದರು ಕುಣಿಯುವ ತೋಡಯಂ, ಆಮೇಲೆ ಪುರಪ್ಪಾಡು, ಹಿಮ್ಮೇಳದವರಿಗೆ ಮೀಸಲಾದ ಮೇಳಪ್ಪದಂ, ಕೊನೆಗೆ ಕಥೆ ಹೀಗೆ ಮೆಟ್ಟಿಲುಗಳಿವೆ.

ನಮ್ಮ ಮನೆಯಂಗಳದ ಆರಾಧನೆಗಳಲ್ಲಿಯೂ ಇಂತಹ ಮೆಟ್ಟಿಲುಗಳನ್ನು ಕಾಣಬಹುದು. ತುಳುವರ ನೇಮದಲ್ಲಿ ಪಾತ್ರಿ ಮೊದಲು ಎಣ್ಣೆಬೂಳ್ಯ ಪಡೆದು ಮೈಗೆ ಎಣ್ಣೆ ಹಚ್ಚಿ ಮೀಯುತ್ತಾನೆ. ಅಣಿಯ ಭಾರವನ್ನು ಹೊರುವುದು ಬಹಳ ಹೊತ್ತಿನ ಮೇಲೆ. ತೆಯ್ಯಂನಲ್ಲಿ ಪೂರ್ಣ ಮುಡಿಯೇರುವುದಕ್ಕೆ ಮುನ್ನ ಹಗುರವಾದ ಉಡುಗೆಯಲ್ಲಿ ತೋಟ್ಟಂ ಅಥವಾ ವೆಳ್ಳಾಟ್ಟಂ ನಡೆಯುತ್ತದೆ. ಈ ಕ್ರಮಗಳ ಉದ್ದೇಶ ಧಾರ್ಮಿಕವೆಂಬುದು ನಿಸ್ಸಂಶಯ. ಆದರೂ ಹಗುರದಿಂದ ಭಾರಕ್ಕೆ, ನಿಧಾನದಿಂದ ವೇಗಕ್ಕೆ ಮೈಯನ್ನು ಒಯ್ಯುವ ಒಂದು ವಿವೇಕವೂ ಇವುಗಳಲ್ಲಿ ಅಡಗಿದೆ.

ಬಯಲಾಟದ ಇರುಳು

ಇನ್ನು ನಮ್ಮ ತೆಂಕುತಿಟ್ಟಿನ ಒಂದು ಇರುಳನ್ನು ನೆನೆಯೋಣ. ಕತ್ತಲಾಗುವ ಹೊತ್ತಿಗೆ ಕೇಳಿ ಬಡಿದು ಊರಿಗೆ ಆಟದ ಸುದ್ದಿ ತಿಳಿಸುತ್ತಿದ್ದರು. ಚೌಕಿಯಲ್ಲಿ ಗಣಪತಿಪೂಜೆಯಾಗುತ್ತಿತ್ತು. ಬಳಿಕ ರಂಗದಲ್ಲಿ ಕೋಡಂಗಿ, ಬಾಲಗೋಪಾಲರು, ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ, ಮುಖ್ಯ ಸ್ತ್ರೀವೇಷ, ಚಪ್ಪರಮಂಚ, ಹೊಗಳಿಕೆ ಎಂಬಿವುಗಳಿಂದ ಕೂಡಿದ ಪೂರ್ವರಂಗ ಗಂಟೆಗಟ್ಟಲೆ ನಡೆಯುತ್ತಿತ್ತು.

ಈ ಸರಣಿಯಲ್ಲಿ ಯಾರು ಕುಣಿಯುತ್ತಿದ್ದರು ಎಂಬುದನ್ನು ಗಮನಿಸಬೇಕು. ಕೋಡಂಗಿ ಕಟ್ಟುವವರು ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ಅವರಿಗೆ ಭಾರವಾದ ವೇಷವಿಲ್ಲ, ತಪ್ಪಿದರೆ ನಗುವವರೂ ಕಡಿಮೆ. ಅದರಲ್ಲಿ ಕಾಲು ಪಳಗಿದವರು ಬಾಲಗೋಪಾಲ ವೇಷಕ್ಕೆ ಏರುತ್ತಿದ್ದರು. ನಿತ್ಯವೇಷವೆಂದು ಕರೆಯುವ ಆ ಬಲರಾಮ-ಕೃಷ್ಣರ ಕುಣಿತದಲ್ಲಿ ತಾಳಗಳ ಮೂಲ ಹೆಜ್ಜೆಗಳು ದಿನದಿನವೂ ತಿರುವಿಗೆ ಬರುತ್ತಿದ್ದವು. ಅನಂತರ ಸ್ತ್ರೀವೇಷ, ಅದರ ಮೇಲೆ ಪುಂಡುವೇಷ ಹೀಗೆ ಮೇಲಕ್ಕೆ ಹೋಗುವುದು ವಾಡಿಕೆ. ಮುಂಜಾವದ ಹೊತ್ತಿಗೆ ಕಥೆಯಲ್ಲಿ ಸಣ್ಣದೊಂದು ಪಾತ್ರ ಮಾಡಬೇಕಾದ ಹುಡುಗ ಮೊದಲಿರುಳಿನಲ್ಲಿಯೇ ಒಮ್ಮೆ ಬೆವರಿರುತ್ತಿದ್ದನು. ಹಿಮ್ಮೇಳದಲ್ಲಿಯೂ ಹಾಗೆಯೇ. ಪೂರ್ವರಂಗಕ್ಕೆ ಹಾಡುವವರು ಸಂಗೀತಗಾರರೆನಿಸಿಕೊಂಡ ಕಿರಿಯ ಭಾಗವತರು. ಚೆಂಡೆ ಮದ್ದಳೆಗಳಲ್ಲಿಯೂ ಕಿರಿಯರ ಕೈಗಳು ಮೊದಲು ಓಡುತ್ತಿದ್ದವು.

ಹಾಗಾದರೆ ಪೂರ್ವರಂಗದಲ್ಲಿ ಕುಣಿಯದ ಹಿರಿಯ ವೇಷಧಾರಿಗಳ ಮೈ ಹದಗೊಳ್ಳುತ್ತಿದ್ದುದು ಹೇಗೆ ಎಂಬ ಪ್ರಶ್ನೆ ಸಹಜ. ಅವರಿಗಾಗಿ ಪ್ರಸಂಗದ ಆರಂಭದಲ್ಲಿಯೇ ಒಡ್ಡೋಲಗವಿತ್ತು. ಪಾಂಡವರೈವರು ಸಭೆಗೆ ಬರುವ ಕುಣಿತದಲ್ಲಿ ಅವಸರವಿಲ್ಲ, ಯುದ್ಧ ಬಹುದೂರದಲ್ಲಿದೆ. ವಿಲಂಬದಿಂದ ಮೊದಲುಗೊಂಡು ಹೆಜ್ಜೆಯ ನಡೆ ಕ್ರಮವಾಗಿ ಬಲಿಯುತ್ತದೆ. ಬೆಳಗಿನ ಜಾವದ ಕಾಳಗದಲ್ಲಿ ಸುತ್ತುಧೀಂಗಿಣ ಹಾಕಬೇಕಾದ ಕಾಲುಗಳು ಅಷ್ಟರಲ್ಲಿ ಹಲವು ಸಲ ರಂಗವನ್ನು ತುಳಿದಿರುತ್ತಿದ್ದವು.

ಬಣ್ಣದ ವೇಷದವರ ಸಂಗತಿ ಇನ್ನೂ ವಿಶೇಷವಾದುದು. ಅಕ್ಕಿಹಿಟ್ಟು, ಸುಣ್ಣಗಳ ಚುಟ್ಟಿಯನ್ನು ಮುಖಕ್ಕೆ ಒಂದೊಂದಾಗಿ ಇಡುವುದಕ್ಕೆ ಹಲವು ಗಂಟೆಗಳೇ ಬೇಕು. ಅಷ್ಟು ಹೊತ್ತು ಕದಲದೆ ಕುಳಿತ ಮೈ ಮರಗಟ್ಟುವುದು ಸಹಜ. ಅಂತಹ ವೇಷ ರಂಗಕ್ಕೆ ಬಂದೊಡನೆ ಪೂರ್ಣವೇಗದಲ್ಲಿ ಕುಣಿಯುವ ಪದ್ಧತಿ ಇರಲಿಲ್ಲ. ಅದಕ್ಕೆ ತೆರೆಕುಣಿತವಿದೆ, ತೆರೆ ಪೊರಪ್ಪಾಟು ಎಂದೂ ಹೇಳುತ್ತಾರೆ. ಹಿಡಿದ ತೆರೆಯ ಹಿಂದೆ ಮೊದಲು ಕಿರೀಟವಷ್ಟೇ ಕಾಣುತ್ತದೆ, ಬಳಿಕ ಮುಖ, ಆಮೇಲೆ ಮೈ. ನೋಡುವವರಿಗೆ ಅದು ಕುತೂಹಲವನ್ನು ಬೆಳೆಸುವ ಉಪಾಯ. ಕುಣಿಯುವವನಿಗೆ ಕಟ್ಟುಬಿದ್ದ ಮೈಯನ್ನು ಸಡಿಲಿಸಿಕೊಳ್ಳುವ ಅವಕಾಶ. ಒಂದೇ ತೆರೆ ಎರಡು ಕೆಲಸಗಳನ್ನು ಮಾಡುತ್ತಿತ್ತೆಂದು ನಾವು ಊಹಿಸಿದರೆ ಅತಿಶಯೋಕ್ತಿಯಾಗಲಾರದು.

ರಂಗದ ಹೊರಗಿನ ಬದುಕನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ದೀಪಾವಳಿಯ ಆಸುಪಾಸಿನಲ್ಲಿ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ಊರೂರು ತಿರುಗುತ್ತಿತ್ತು. ವಾಹನಸೌಕರ್ಯವಿಲ್ಲದ ದಿನಗಳಲ್ಲಿ ಪೆಟ್ಟಿಗೆಗಳನ್ನು ತಲೆಹೊರೆಯಲ್ಲಿ ಸಾಗಿಸಿ, ಗುಡ್ಡ ಹತ್ತಿ ಹೊಳೆ ದಾಟಿ, ನಡೆದೇ ಮುಂದಿನ ಬಿಡಾರಕ್ಕೆ ತಲಪಬೇಕಾಗಿತ್ತು. ಮಳೆಗಾಲದಲ್ಲಿ ಹಲವರು ಗದ್ದೆಯ ಕೆಸರಿನಲ್ಲಿ ದುಡಿದವರೇ. ಆ ದುಡಿಮೆ ಕಷ್ಟದ್ದಾಗಿತ್ತು. ಅದನ್ನು ನಾವು ವೈಭವೀಕರಿಸಬೇಕಾಗಿಲ್ಲ. ಆದರೆ ಕಾಲಿನ ಕಸುವು ಅವರಿಗೆ ದಿನಚರಿಯಿಂದಲೇ ದೊರೆಯುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ.

ಕಾಲ ಕಿರಿದಾದಾಗ

ಬದಲಾವಣೆ ಒಂದೇ ಬಾರಿಗೆ ಬರಲಿಲ್ಲ. ಕಳೆದ ಶತಮಾನದ ಮಧ್ಯಭಾಗದಲ್ಲಿ ಡೇರೆ ಮೇಳಗಳು ತಲೆಯೆತ್ತಿದವು. ಟಿಕೆಟು ಕೊಂಡು ಬರುವ ಪ್ರೇಕ್ಷಕನಿಗೆ ಬೇಕಾದುದು ಕಥೆ. ಕೋಡಂಗಿಯನ್ನು ನೋಡಲು ಆತ ಬೇಗನೆ ಬರುವವನಲ್ಲ. ಪೂರ್ವರಂಗ ಖಾಲಿ ಕುರ್ಚಿಗಳ ಮುಂದೆ ನಡೆಯುವ ಶಾಸ್ತ್ರವಾಯಿತು, ಮೆಲ್ಲನೆ ಮೊಟಕಾಯಿತು. ನಡಿಗೆಯ ಬದಲು ವ್ಯಾನು ಬಂದಿತು. ಆಮೇಲೆ ಸಭಾಭವನದ ಎರಡು ಮೂರು ಗಂಟೆಗಳ ಪ್ರದರ್ಶನಗಳು ರೂಢಿಯಾದವು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕಿದುದರಿಂದ ಕಾಲಮಿತಿಯ ಆಟಕ್ಕೆ ಇನ್ನಷ್ಟು ಬಲ ಬಂದಿತು.

ಕಾಲಮಿತಿಯನ್ನು ನಾವು ದೂಷಿಸುವವರಲ್ಲ. ಮರುದಿನ ಕಚೇರಿಗೆ ಹೋಗಬೇಕಾದವರು, ಶಾಲೆಗೆ ಹೋಗಬೇಕಾದ ಮಕ್ಕಳು ಆಟ ನೋಡುವಂತಾದುದು ಅದರಿಂದಲೇ. ಆದರೆ ಹತ್ತು ಗಂಟೆಗಳ ಆಟವನ್ನು ಎರಡೂವರೆ ಗಂಟೆಗೆ ಇಳಿಸುವಾಗ ಕೈಬಿಟ್ಟುದು ಯಾವುದನ್ನು? ಪೂರ್ವರಂಗ, ಒಡ್ಡೋಲಗ, ತೆರೆಕುಣಿತ, ವಿಲಂಬಗತಿಯ ಪದ್ಯಗಳು. ಉಳಿಸಿಕೊಂಡುದು ಕಾಳಗ, ವೇಗ, ಧೀಂಗಿಣಗಳು. ಕತ್ತರಿಸಿದುದರಲ್ಲಿ ಬಹುಪಾಲು ಮೈಯನ್ನು ಹದಗೊಳಿಸುತ್ತಿದ್ದ ಭಾಗ. ಉಳಿದುದರಲ್ಲಿ ಬಹುಪಾಲು ಹದಗೊಂಡ ಮೈಯನ್ನು ಬೇಡುವ ಭಾಗ. ಚಪ್ಪಾಳೆ ಬೀಳುವುದು ಧೀಂಗಿಣಗಳ ಲೆಕ್ಕಕ್ಕೆ ಎಂದಾದ ಮೇಲೆ ಆ ಲೆಕ್ಕವೂ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಹಗಲಿಡೀ ಕುರ್ಚಿಯಲ್ಲಿ ಕುಳಿತು ದುಡಿದು, ಸಂಜೆ ಬೈಕಿನಲ್ಲಿ ಬಂದು, ಅರ್ಧ ಗಂಟೆಯಲ್ಲಿ ವೇಷ ಕಟ್ಟಿ ರಂಗಕ್ಕೆ ಹಾರುವ ಹವ್ಯಾಸಿಯ ಮಂಡಿ ಇದಕ್ಕೆ ಬೆಲೆ ತೆರುತ್ತಿದೆ.

ನಮ್ಮ ಮಕ್ಕಳ ವಿಷಯ ಇನ್ನೂ ಕಳವಳದ್ದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಶಾಲೆಗಳು ಆ ರಾಜ್ಯದ ಶಾಲಾ ಕಲೋತ್ಸವದ ಭಾಗವಾದವು. ಅಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. 2019ರಲ್ಲಿ 60ನೆಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲಿಯೇ ನಡೆಯಿತು. ಗಡಿನಾಡಿನ ಕಲೆಗೆ ಇಡೀ ರಾಜ್ಯದ ವೇದಿಕೆ ದೊರೆತುದು ನಮಗೆ ಹೆಮ್ಮೆಯ ವಿಷಯ. ಆದರೆ ಶಾಲಾ ಸ್ಪರ್ಧೆಗಳ ಚೌಕಿಯೊಳಗೆ ಇಣುಕಿದವರಿಗೆ ಬೇರೊಂದು ಚಿತ್ರವೂ ಕಾಣಿಸುತ್ತದೆ. ಬೆಳಗ್ಗೆಯೇ ಬಣ್ಣ ಹಚ್ಚಿಸಿಕೊಂಡ ಮಕ್ಕಳು ತಮ್ಮ ಸರದಿ ಬರುವ ವರೆಗೆ ಬಣ್ಣ ಕರಗೀತೆಂಬ ಭಯದಿಂದ ಅಲುಗದೆ ಕುಳಿತಿರುತ್ತಾರೆ. ಒಮ್ಮೆ ನಾವು ನೋಡುತ್ತಿದ್ದಂತೆಯೇ, ಏಳು ಗಂಟೆಗೆ ವೇಷ ಕಟ್ಟಿದ ಹುಡುಗನೊಬ್ಬ ಮಧ್ಯಾಹ್ನ ಎರಡಕ್ಕೆ ರಂಗವೇರಿ ಮೂರನೆಯ ಧೀಂಗಿಣಕ್ಕೆ ಹರಡು ಉಳುಕಿಸಿಕೊಂಡನು. ಉಳಿದ ಪಾತ್ರವನ್ನು ನಿಂತಲ್ಲಿಯೇ ನಿಂತು ಮುಗಿಸಿದನು. ಆತನ ಅಭ್ಯಾಸದಲ್ಲಿ ಕೊರತೆಯಿರಲಿಲ್ಲ. ಕುಣಿಯುವ ಮೊದಲು ಮೈ ಬಿಸಿಮಾಡಿಕೊಳ್ಳಬೇಕೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಹಿಂದೆ ಅದನ್ನು ಹೇಳಬೇಕಾಗಿರಲಿಲ್ಲ, ಕೋಡಂಗಿಯೇ ಹೇಳುತ್ತಿತ್ತು.

ಚೌಕಿಯಲ್ಲಿ ಇಪ್ಪತ್ತು ನಿಮಿಷ

ಹೋದ ಇರುಳನ್ನು ಮರಳಿ ತರುವುದು ಎಲ್ಲೆಡೆಯೂ ಸಾಧ್ಯವಾಗದು. ರಂಗ ಮಾಡುತ್ತಿದ್ದ ಕೆಲಸವನ್ನು ಚೌಕಿಗೆ ಒಪ್ಪಿಸುವುದು ಸಾಧ್ಯ. ಇದಕ್ಕೆ ಹೆಚ್ಚು ಹೊತ್ತೂ ಬೇಡ, ಹದಿನೈದು ಇಪ್ಪತ್ತು ನಿಮಿಷ ಸಾಕು. ಕ್ರಮ ಮಾತ್ರ ತಪ್ಪಬಾರದು; ಹಳೆಯ ಆಟದ ಕ್ರಮವೇ ಇದಕ್ಕೆ ಮಾದರಿ.

ಮೊದಲನೆಯದು ಕೇಳಿ ಬಡಿದಂತೆ, ಇಡೀ ಮೈಯನ್ನು ಎಚ್ಚರಿಸುವುದು. ವಿಶ್ರಾಂತಿಯಲ್ಲಿರುವಾಗ ಹೃದಯ ಒತ್ತುವ ರಕ್ತದ ಸುಮಾರು ಐದರಲ್ಲೊಂದು ಪಾಲು ಮಾತ್ರ ಸ್ನಾಯುಗಳಿಗೆ ಹೋಗುತ್ತದೆ. ಮೈ ದುಡಿಯತೊಡಗಿದಾಗ ಆ ಪಾಲು ಬಹುವಾಗಿ ಏರುತ್ತದೆ. ಐದು ನಿಮಿಷಗಳ ಬಿರುಸಾದ ನಡಿಗೆ, ನಿಂತಲ್ಲಿಯೇ ಸಣ್ಣ ಓಟ, ಹಣೆಯಲ್ಲಿ ತೆಳ್ಳಗೆ ಬೆವರು ಮೂಡುವಷ್ಟು ಸಾಕು. ಏದುಸಿರು ಬರುವಷ್ಟು ಮಾಡಿದರೆ ಆಟಕ್ಕೆ ಬೇಕಾದ ಶಕ್ತಿ ಚೌಕಿಯಲ್ಲಿಯೇ ಖರ್ಚಾಗುತ್ತದೆ.

ಎರಡನೆಯದು ಕೀಲುಗಳ ಕೆಲಸ. ಹರಡು, ಮಂಡಿ, ಸೊಂಟ, ಭುಜ, ಕತ್ತುಗಳನ್ನು ಮೆಲ್ಲನೆ ಆಡಿಸಬೇಕು. ಚಲನೆಯಿಂದ ಕೀಲಿನೊಳಗಿನ ದ್ರವ ತೆಳುವಾಗಿ ಜಾರಿಕೆ ಹೆಚ್ಚುತ್ತದೆ. ಕಿರೀಟ ಹೊರುವವನು ಕತ್ತನ್ನೂ ಹೆಗಲನ್ನೂ ಮರೆಯಬಾರದು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಎಳೆದು ಹಿಡಿಯುವ ಅಭ್ಯಾಸವನ್ನು ಆಟ ಮುಗಿದ ಬಳಿಕಕ್ಕೆ ಇಟ್ಟುಕೊಳ್ಳುವುದು ಲೇಸು. ಒಂದು ನಿಮಿಷಕ್ಕೂ ಮಿಕ್ಕಿ ಹಾಗೆ ಎಳೆದು ಹಿಡಿದ ಸ್ನಾಯು ಕೆಲಹೊತ್ತು ತನ್ನ ಚಿಮ್ಮುವ ಬಲವನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಕ್ರೀಡಾವಿಜ್ಞಾನ ತೋರಿಸಿಕೊಟ್ಟಿದೆ. ಧೀಂಗಿಣಕ್ಕೆ ಬೇಕಾದುದು ಆ ಬಲವೇ.

ಮೂರನೆಯದು ಬಾಲಗೋಪಾಲರ ಕುಣಿತಕ್ಕೆ ಸಮಾನವಾದುದು. ಅಂದಿನ ಪಾತ್ರಕ್ಕೆ ಬೇಕಾದ ತಾಳದ ಮೂಲ ಹೆಜ್ಜೆಗಳನ್ನು ಬಾಯಿತಾಳದಲ್ಲಿ ವಿಲಂಬ, ಮಧ್ಯಮ, ದ್ರುತಗಳಲ್ಲಿ ತುಳಿಯುವುದು. ಕೊನೆಯಲ್ಲಿ ಮೇಲ್ಮೈ ಸಮತಟ್ಟಾದೆಡೆ ಒಂದೆರಡು ಧೀಂಗಿಣಗಳನ್ನು ಪೂರ್ತಿಯಾಗಿ ಹಾಕಿ ನೋಡುವುದು. ಇದರಿಂದ ಮೈಯೊಡನೆ ಲಯವೂ ಮನಸ್ಸೂ ಕೂಡಿಕೊಳ್ಳುತ್ತವೆ.

ಬಣ್ಣ ಕರಗುವ ಭಯಕ್ಕೂ ಪರಿಹಾರವಿದೆ. ದೊಡ್ಡ ಸುತ್ತನ್ನು ಮುಖಕ್ಕೆ ಬಣ್ಣ ಹಚ್ಚುವ ಮೊದಲೇ ಮುಗಿಸಬಹುದು. ಬಣ್ಣವಾದ ಮೇಲೆ, ದಗಲೆ ಬಿಗಿಯುವ ಮುನ್ನ, ಕಾಲಿಗೂ ಹರಡಿಗೂ ಮಾತ್ರ ಐದು ನಿಮಿಷಗಳ ಸಣ್ಣ ಸುತ್ತು ಮಾಡಬೇಕು. ಬಂದ ಕಾವು ಬಹಳ ಹೊತ್ತು ನಿಲ್ಲುವುದಿಲ್ಲ. ಆದುದರಿಂದ ಸರದಿ ತಡವಾದರೆ ಹದಿನೈದು ನಿಮಿಷಕ್ಕೊಮ್ಮೆ ಎದ್ದು ಹೆಜ್ಜೆ ಹಾಕುವುದು, ಹವಾನಿಯಂತ್ರಿತ ಸಭಾಭವನವಾದರೆ ಶಾಲು ಹೊದ್ದಿರುವುದು, ಗುಟುಕು ಗುಟುಕಾಗಿ ನೀರು ಕುಡಿಯುವುದು ಇವಿಷ್ಟನ್ನು ಜೊತೆಗಿದ್ದ ಅಧ್ಯಾಪಕರೋ ಹೆತ್ತವರೋ ನೋಡಿಕೊಂಡರೆ ಸಾಕು.

ಉಪಸಂಹಾರ

1970ರ ದಶಕದಿಂದೀಚೆಗೆ ಧರ್ಮಸ್ಥಳ, ಉಡುಪಿಗಳ ಕೇಂದ್ರಗಳು ಯಕ್ಷಗಾನದ ನಾಟ್ಯವನ್ನು ಪಾಠಕ್ರಮದಲ್ಲಿ ಕಲಿಸುವ ದಾರಿ ತೆರೆದವು. ನಮ್ಮ ನೆಲದಿಂದ ಹೋದ ಪಡ್ರೆ ಚಂದುರವರಂತಹ ನಾಟ್ಯಗುರುಗಳು ಆ ದಾರಿಯಲ್ಲಿ ಅನೇಕ ಶಿಷ್ಯರನ್ನು ನಡೆಸಿದರು. ಇಂದು ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯಗಳ ಸುತ್ತ ಶನಿವಾರ ಭಾನುವಾರಗಳಂದು ನೂರಾರು ಮಕ್ಕಳು ಹೆಜ್ಜೆ ಕಲಿಯುತ್ತಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳೂ ಬಹಳ. ಕನ್ನಡ ಶಾಲೆಯ ತರಗತಿಗಳು ತೆಳುವಾಗುತ್ತಿರುವ ಈ ಗಡಿಯಲ್ಲಿ ಮಗುವಿನ ಬಾಯಿಗೆ ಕನ್ನಡದ ಪದ್ಯವನ್ನೂ ಅರ್ಥವನ್ನೂ ತರುವ ಕೆಲಸವನ್ನು ಇಂತಹ ಹೆಜ್ಜೆತರಗತಿಗಳು ಮಾಡುತ್ತಿವೆ. ಹದಿನೈದರ ಹರೆಯದಲ್ಲಿ ಮಂಡಿ ಕೆಡಿಸಿಕೊಂಡು ಗೆಜ್ಜೆ ಬಿಚ್ಚಿದ ಮಗು ಮರಳಿ ಚೌಕಿಗೆ ಬರುವುದು ಕಷ್ಟ. ಆ ಮಗುವಿನೊಡನೆ ನಾವು ಕಳೆದುಕೊಳ್ಳುವುದು ಒಂದು ವೇಷವನ್ನಷ್ಟೇ ಅಲ್ಲ.

ಆದುದರಿಂದ ನಮ್ಮ ಸಂಘಸಂಸ್ಥೆಗಳಲ್ಲಿ ಒಂದು ವಿನಂತಿ. ಆಟದ ಆಮಂತ್ರಣದಲ್ಲಿ ಚೌಕಿಪೂಜೆಯ ಹೊತ್ತನ್ನು ಅಚ್ಚು ಹಾಕಿಸುವ ನಾವು, ಪೂಜೆಗೂ ಬಣ್ಣಕ್ಕೂ ನಡುವೆ ಇಪ್ಪತ್ತು ನಿಮಿಷಗಳನ್ನು ಕಾಲುಗಳಿಗಾಗಿ ಮೀಸಲಿಡೋಣ. ಸಾಧ್ಯವಾದೆಡೆ ಹತ್ತು ನಿಮಿಷಗಳ ಕೋಡಂಗಿ, ಬಾಲಗೋಪಾಲರನ್ನು ರಂಗಕ್ಕೆ ಮರಳಿ ಕರೆತರೋಣ. ಎಳೆಯರಿಗೆ ಅದು ಹರಕೆಯೂ ಹೌದು, ಹದವೂ ಹೌದು. ಪೂರ್ವರಂಗವೆಂಬ ಹೆಸರಿನಲ್ಲಿ ಹಿರಿಯರು ದೇವರಿಗೆ ಸಲ್ಲಿಸಿದ ಹೊತ್ತಿನಲ್ಲಿ ಕುಣಿಯುವವನ ಮಂಡಿಗೂ ಒಂದು ಪಾಲಿತ್ತು. ಆ ಪಾಲನ್ನು ನಮ್ಮ ಮಕ್ಕಳಿಗೆ ಸಲ್ಲಿಸುವುದು ನಮ್ಮ ಹೊಣೆ.